ಬಾಯಿ ಬಿಡದೆ ಗ್ಯಾಸ್ ಬುಕ್ ಮಾಡಿದೆ: ಇಂಡೇನ್ ಮಿಸ್ಡ್ ಕಾಲ್ ಸೇವೆ

ಸಿಲಿಂಡರ್ ಬುಕ್ ಮಾಡುವುದರ ಬಗ್ಗೆಯೂ ವಿಮರ್ಶೆ ಬರೆಯಬೇಕಾ ಅಂತ ನಿಮಗೆ ಅನ್ನಿಸಬಹುದು. ನಾನು ಬರೆಯುತ್ತೇನೆ. ಯಾಕೆಂದರೆ ನನಗೆ ಫೋನಿನಲ್ಲಿ ಮಾತಾಡಲು ಭಯ, ಈ ಸೇವೆಯಿಂದ ನನಗೆ ಆದ ಉಪಕಾರ ಸಣ್ಣದಲ್ಲ.

ನಾನು ದಾವಣಗೆರೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಬೆಳಿಗ್ಗೆಯಿಂದ ಸಂಜೆವರೆಗೆ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ಕು, ಶಿವಗಣಾರಾಧನೆ ಕಾರ್ಡು ಟೈಪ್ ಮಾಡುತ್ತೇನೆ. ಗಿರಾಕಿ ಎದುರಿಗೆ ಬಂದು ಕೂತರೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ. ಹೆಸರು ತಪ್ಪಿದ್ದರೆ ಹೇಳುತ್ತೇನೆ, ರೇಟಿನ ವಿಷಯದಲ್ಲಿ ಹಿಂದೆ ಸರಿಯುವುದಿಲ್ಲ. ಅದೇ ಗಿರಾಕಿ ಫೋನ್ ಮಾಡಿದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ರಿಂಗ್ ಪೂರ್ತಿ ನಿಲ್ಲುವವರೆಗೆ ಮೊಬೈಲನ್ನೇ ನೋಡುತ್ತಾ ಕೂರುತ್ತೇನೆ. ಆಮೇಲೆ 'ಹೇಳಿ ಸರ್' ಅಂತ ಮೆಸೇಜ್ ಹಾಕುತ್ತೇನೆ. ನಾನೇ ಕರೆ ಮಾಡಬೇಕಾಗಿ ಬಂದರೆ ನಮಸ್ಕಾರದಿಂದ ಹಿಡಿದು ಎಲ್ಲವನ್ನೂ ಮೊದಲು ಹಾಳೆಯಲ್ಲಿ ಬರೆದುಕೊಳ್ಳಬೇಕು.

ಫೋನಿನಲ್ಲಿ ಮುಖ ಕಾಣುವುದಿಲ್ಲ ಅಲ್ವಾ? ಆ ಕಡೆಯವರು ಸ್ವಲ್ಪ ಸುಮ್ಮನಾದರೆ ಸಿಟ್ಟು ಬಂತಾ, ಕೇಳಿಸಲಿಲ್ಲವಾ, ಲೈನ್ ಕಟ್ಟಾಯಿತಾ, ಏನೂ ತಿಳಿಯುವುದಿಲ್ಲ. ನನಗೆ ಉಸಿರು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ಹಿಂದೆ ಬೇರೆ ಊರಿನಲ್ಲಿ ಬಾಡಿಗೆಗಿದ್ದಾಗ ಗ್ಯಾಸ್ ಬೇಕೆಂದರೆ ಏಜೆನ್ಸಿಯ ಲ್ಯಾಂಡ್‌ಲೈನಿಗೆ ಫೋನ್ ಮಾಡಬೇಕಿತ್ತು. ಒಮ್ಮೆ ಅರ್ಧ ಗಂಟೆ ಎಂಗೇಜ್ ಬಂದು ಕೊನೆಗೆ ಯಾರೋ ಎತ್ತಿದರು. ಹಿಂದೆ ನಾಲ್ಕಾರು ಜನರ ಗಲಾಟೆ. 'ನಂಬರ್ ಹೇಳ್ರೀ' ಅಂದರು. ಪಾಸ್‌ಬುಕ್ ಕೈಯಲ್ಲೇ ಇತ್ತು, ಓದಲು ಶುರು ಮಾಡಿದೆ. 'ಜೋರಾಗಿ ಹೇಳ್ರೀ, ಕೇಳಿಸಲ್ಲ' ಅಂತ ಕೂಗಿದರು. ಎಂಟು ಅನ್ನುವ ಕಡೆ ಏಳು ಅಂದೆ. ಮತ್ತೆ ಮೊದಲಿಂದ ಹೇಳಿ ಅಂದರು. ನಾನು ರಿಸೀವರ್ ಇಟ್ಟುಬಿಟ್ಟೆ. ಮತ್ತೆ ಮಾಡಲು ಕೈ ಬರಲಿಲ್ಲ. ಹನ್ನೊಂದು ದಿನ ಕರೆಂಟ್ ಒಲೆಯ ಮೇಲೆ ಅನ್ನ ಸಾರು ಮಾಡಿದೆ. ಆ ಒಲೆಯಲ್ಲಿ ಜೋಳದ ರೊಟ್ಟಿ ಉಬ್ಬುವುದಿಲ್ಲ, ಅದಕ್ಕೆ ಬೆಂಕಿಯೇ ಬೇಕು. ರೊಟ್ಟಿ ಇಲ್ಲದೆ ಅಮ್ಮನಿಗೆ ಊಟ ಇಳಿಯುವುದಿಲ್ಲ. ಆದರೂ ಅವರು ಒಂದು ಮಾತೂ ಅನ್ನಲಿಲ್ಲ. ನನಗೆ ಅದೇ ಜಾಸ್ತಿ ನೋವಾಯಿತು.

ಆಮೇಲೆ ಗುಂಡಿ ಒತ್ತಿ ಬುಕ್ ಮಾಡುವ ವ್ಯವಸ್ಥೆ ಬಂತು. ಅದು ಎಷ್ಟೋ ವಾಸಿ. ಆದರೂ ಮೊಬೈಲನ್ನು ಕಿವಿಗೆ ಹಿಡಿದು ಯಂತ್ರದ ದನಿ ಕೇಳಿಸಿಕೊಳ್ಳಬೇಕು. ತಪ್ಪು ಗುಂಡಿ ಒತ್ತಿದರೆ ಮನುಷ್ಯರೇ ಮಾತಾಡಲು ಬಂದುಬಿಡುತ್ತಾರಾ ಅಂತ ಅಳುಕು.

ಇಂಡೇನ್ ಮಿಸ್ಡ್ ಕಾಲ್ ಬುಕಿಂಗ್ ಶುರುವಾಗಿದ್ದು 2021ರ ಜನವರಿ 1ರಂದು. ಇಡೀ ದೇಶಕ್ಕೆ ಒಂದೇ ನಂಬರ್, 84549 55555. ನೀವು ಏಜೆನ್ಸಿಯಲ್ಲಿ ಕೊಟ್ಟಿರುವ ಮೊಬೈಲ್ ನಂಬರಿನಿಂದ ಕರೆ ಮಾಡಿದರೆ ಮುಗಿಯಿತು. ನಂಬರ್ ನೋಡಿಯೇ ಇದು ಯಾರ ಕನೆಕ್ಷನ್ ಅಂತ ಆ ಕಡೆಯ ಕಂಪ್ಯೂಟರ್ ಗುರುತು ಹಿಡಿಯುತ್ತದೆ. ಯಾರೂ ಎತ್ತುವುದಿಲ್ಲ, ಹಾಗಾಗಿ ದುಡ್ಡೂ ಹೋಗುವುದಿಲ್ಲ.

ಮೊದಲ ಸಲ ಪ್ರೆಸ್ಸಿನಲ್ಲಿ ಊಟದ ಹೊತ್ತಿಗೆ ಮಾಡಿದೆ. ಮೊಬೈಲನ್ನು ಕಿವಿಗೆ ಹಿಡಿಯಲಿಲ್ಲ, ಟೇಬಲ್ ಮೇಲೆ ಅಂಗಾತ ಇಟ್ಟೆ. ರಿಂಗ್ ಆಯಿತು, ತಾನೇ ಕಟ್ಟಾಯಿತು. ಡಬ್ಬಿಯ ಮುಚ್ಚಳ ತೆಗೆದು ಪಲ್ಯ ಕಲಸುವಷ್ಟರಲ್ಲಿ ಬುಕ್ ಆಗಿದೆ ಅಂತ ಮೆಸೇಜ್ ಬಂತು. ಅಂಗೈ ಮುಟ್ಟಿ ನೋಡಿಕೊಂಡೆ. ಬೆವರಿರಲಿಲ್ಲ.

ಇಷ್ಟ ಆಗಲು ಇನ್ನೊಂದು ಕಾರಣ ಇದೆ. ಹಾಸ್ಟೆಲಿನಲ್ಲಿದ್ದಾಗ ನಾನೂ ಅಪ್ಪನೂ ಮಿಸ್ಡ್ ಕಾಲಿನಲ್ಲೇ ಮಾತಾಡುತ್ತಿದ್ದೆವು. ಒಂದು ರಿಂಗ್ ಅಂದರೆ ಬಸ್ ಹತ್ತಿದೆ, ಎರಡು ಅಂದರೆ ಬಂದು ತಲುಪಿದೆ. ಕರೆನ್ಸಿ ಉಳಿಸಲು ಎಲ್ಲರೂ ಮಾಡುತ್ತಿದ್ದ ಉಪಾಯ ಅದು. ನನಗೆ ಮಾತ್ರ ಅದರಲ್ಲಿ ದುಡ್ಡಿಗಿಂತ ದೊಡ್ಡ ಉಳಿತಾಯ ಇತ್ತು.

ವಾಟ್ಸಾಪಿನಲ್ಲೂ ಆ್ಯಪಿನಲ್ಲೂ ಬುಕ್ ಮಾಡಬಹುದು. ಆದರೆ ಮಿಸ್ಡ್ ಕಾಲಿಗೆ ಇಂಟರ್ನೆಟ್ ಬೇಡ, ಅಮ್ಮನ ಗುಂಡಿ ಫೋನೇ ಸಾಕು. ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವವರಿಗೆ ಕಿವಿ ಕೇಳಿಸುವುದಿಲ್ಲ. ಮೊದಲು ಅವರು ಸಿಲಿಂಡರಿಗಾಗಿ ಪಕ್ಕದ ಮನೆ ಹುಡುಗನನ್ನು ಕೇಳಿಕೊಳ್ಳಬೇಕಿತ್ತು. ಈಗ ತಾವೇ ಮಾಡಿಕೊಳ್ಳುತ್ತಾರೆ. ಆ ನಂಬರನ್ನು ಅವರಿಗೆ ತೋರಿಸಿಕೊಟ್ಟ ದಿನ ನನಗೆ ತುಂಬಾ ಖುಷಿಯಾಗಿತ್ತು.

ಒಂದು ಮಾತು ನೆನಪಿಡಿ. ಕನೆಕ್ಷನ್ ಜೊತೆ ಹಳೆಯ ನಂಬರ್ ಇದ್ದರೆ ಮೊದಲು ಅದನ್ನು ಬದಲಿಸಿಕೊಳ್ಳಬೇಕು. ನಾನು ಪಾಸ್‌ಬುಕ್ ಹಿಡಿದು ಏಜೆನ್ಸಿಗೇ ಹೋದೆ. ಎದುರಾಬದುರಾ ಆದ್ದರಿಂದ ಏನೂ ಕಷ್ಟ ಆಗಲಿಲ್ಲ.

ಬುಕಿಂಗಿನಲ್ಲಿ ತಪ್ಪಿಸಿಕೊಂಡ ಕರೆ ಡೆಲಿವರಿ ದಿನ ಬರುತ್ತಿತ್ತು. 'ಮನೆ ಎಲ್ಲಿ ಬರುತ್ತೆ ಮೇಡಂ?' ಅಂತ ಕೇಳಲು ಸಿಲಿಂಡರ್ ತರುವವರು ಫೋನ್ ಮಾಡುತ್ತಿದ್ದರು. ನಾನು ಎತ್ತದೆ ಗೇಟಿಗೆ ಓಡುತ್ತಿದ್ದೆ. ಎರಡನೇ ಸಲ ಬಂದಾಗ ಅವರಿಗೆ ನೇರವಾಗಿ ಹೇಳಿದೆ, 'ಅಣ್ಣಾ, ನನಗೆ ಫೋನಿನಲ್ಲಿ ಮಾತಾಡೋಕೆ ಆಗಲ್ಲ, ಬೆಲ್ ಒತ್ತಿಬಿಡಿ.' ಅವರು ನಗಲಿಲ್ಲ, ಯಾಕೆ ಅಂತಲೂ ಕೇಳಲಿಲ್ಲ. ಅವತ್ತಿಂದ ಬೆಲ್ಲೇ ಒತ್ತುತ್ತಾರೆ. ಮೆಸೇಜಿನಲ್ಲಿ ಬಂದ ಕೋಡನ್ನು ನಾನು ಚೀಟಿಯಲ್ಲಿ ಬರೆದು ಕೊಡುತ್ತೇನೆ. ತಕ್ಕಡಿ ಹಾಕಿ ತೋರಿಸಿ ಅಂತಲೂ ಕೇಳುತ್ತೇನೆ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ, ಅದಕ್ಕೆ 14.2 ಕೆಜಿ ಗ್ಯಾಸ್ ಸೇರಿಸಿ ಲೆಕ್ಕ ನೋಡಬೇಕು. ನೀವೂ ಕೇಳಿ, ಸಂಕೋಚ ಬೇಡ.

ಮಾತಾಡಲೇಬೇಕಾದ ನಂಬರ್ ಒಂದಿದೆ. ಗ್ಯಾಸ್ ಸೋರಿದರೆ 1906ಕ್ಕೆ ಕರೆ ಮಾಡಬೇಕು, ಅದು ಹಗಲು ರಾತ್ರಿ ಇರುತ್ತದೆ. ಅಲ್ಲಿ ಮಿಸ್ಡ್ ಕಾಲ್ ನಡೆಯುವುದಿಲ್ಲ. ಅದಕ್ಕೇ ಹೇಳಬೇಕಾದ್ದನ್ನು ನುಡಿಯಲ್ಲಿ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದಿದ್ದೇನೆ: ನಮ್ಮ ಮನೆಯಲ್ಲಿ ಗ್ಯಾಸ್ ಸೋರುತ್ತಿದೆ, ರೆಗ್ಯುಲೇಟರ್ ಆಫ್ ಮಾಡಿದ್ದೇವೆ, ವಿಳಾಸ ಇದು, ಕನ್ಸ್ಯೂಮರ್ ನಂಬರ್ ಇದು. ಅಂಕೆಗಳನ್ನು ಎರಡೆರಡಾಗಿ ಬಿಡಿಸಿ ಹಾಕಿದ್ದೇನೆ, ಎಂಟು ಏಳಾಗಬಾರದು. ಮೊದಲು ಒಲೆಯ ಪಕ್ಕ ಅಂಟಿಸಿದ್ದೆ. ಆದರೆ ಗ್ಯಾಸ್ ವಾಸನೆ ಬಂದಾಗ ಮನೆಯೊಳಗೆ ನಿಂತು ಫೋನ್ ಮಾಡಬಾರದು, ಹೊರಗೆ ಬಂದೇ ಮಾಡಬೇಕು. ಅಮ್ಮ ಅದನ್ನು ನೆನಪಿಸಿದ ಮೇಲೆ ಅಲ್ಲಿಂದ ಕಿತ್ತು ಲ್ಯಾಮಿನೇಟ್ ಮಾಡಿಸಿದೆ. ಈಗ ಅದು ಗೇಟಿನ ಒಳಗೋಡೆಯಲ್ಲಿ, ನನ್ನ ಕಣ್ಣಿನ ಮಟ್ಟಕ್ಕಿದೆ.