ಮಬ್ಬಾದ ಜೋಡಿ ಗಾಜಿನ ಕಿಟಕಿಗೆ ನಾಲ್ಕು ದಾರಿ: ಒಂದೇ ಮನೆಯಲ್ಲಿ ಮಾಡಿ ನೋಡಿದ ಹೋಲಿಕೆ

2022ರ ಡಿಸೆಂಬರಿನಲ್ಲಿ ಶಿವಮೊಗ್ಗದಿಂದ ಬಂದಿದ್ದ ಅಮ್ಮ, ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಮನೆಯ ಅಡುಗೆಮನೆ ಕಿಟಕಿಯ ಮಬ್ಬನ್ನು ಮೊದಲು ಒಳಗಿನಿಂದ ಒಣ ಬಟ್ಟೆಯಲ್ಲಿ ಒರೆಸಿದರು, ಆಮೇಲೆ ಆ ಚಳಿಯಲ್ಲೂ ಹೊರಗೆ ಹೋಗಿ ಆ ಕಡೆಯಿಂದಲೂ ಒರೆಸಿದರು, ಕೊನೆಗೆ ಗಾಜಿನ ಮೇಲೆ ಬೆರಳಿಟ್ಟು, "ಇದು ಒಳಗಿನದೂ ಅಲ್ಲ, ಹೊರಗಿನದೂ ಅಲ್ಲ ಕಣೋ, ನೀರು ನಡುವೆ ಕೂತಿದೆ" ಎಂದರು. ಹೋಗಿ ನೋಡಿದರೆ ಒಂಬತ್ತು ಕಿಟಕಿಗಳಲ್ಲಿ ನಾಲ್ಕರ ಸ್ಥಿತಿ ಅದೇ ಆಗಿತ್ತು. ಎರಡು ಗಾಜುಗಳ ನಡುವೆ ಅಂಚಿನುದ್ದಕ್ಕೂ ಸಾಗುವ ಬೆಳ್ಳಿ ಬಣ್ಣದ ಪಟ್ಟಿಯ ಮೇಲೆ 1998 ಎಂಬ ಇಸವಿಯನ್ನು ಸಣ್ಣ ಅಕ್ಷರಗಳಲ್ಲಿ ಮುದ್ರಿಸಿತ್ತು. ಈ ನಾಲ್ಕು ಕಿಟಕಿಗಳನ್ನು ಮುಂದಿನ ಒಂದೂವರೆ ವರ್ಷದಲ್ಲಿ ನಾಲ್ಕು ಬೇರೆ ಬೇರೆ ರೀತಿಯಲ್ಲಿ ಸರಿಪಡಿಸಿದ್ದರಿಂದ, ಒಂದೇ ಮನೆ, ಒಂದೇ ಹವೆ, ಒಂದೇ ಕಾಲದ ಕಿಟಕಿಗಳ ಮೇಲೆ ಅವುಗಳನ್ನು ಹೋಲಿಸಿ ಹೇಳಲು ನನಗೆ ಸಾಧ್ಯವಾಗಿದೆ.

ಹೋಲಿಕೆಗೆ ಮೊದಲು ಕಾಯಿಲೆ ಯಾವುದೆಂದು ತಿಳಿದಿರಬೇಕು. ಕೋಣೆಯ ಕಡೆಯ ಗಾಜಿನ ಮೇಲೆ ನೀರಾಡಿದರೆ ತಪ್ಪು ಕಿಟಕಿಯದಲ್ಲ. ಅಡುಗೆ, ಸ್ನಾನ, ಒಳಗೆ ಒಣಗಿಸುವ ಬಟ್ಟೆ ಇವುಗಳ ತೇವ ಹೊರಹೋಗಲು ದಾರಿಯಿಲ್ಲದಿರುವುದೇ ಅದಕ್ಕೆ ಕಾರಣ. ಶರತ್ಕಾಲದ ಶುಭ್ರ ಬೆಳಗಿನಲ್ಲಿ ಹೊರಗಿನ ಗಾಜಿನ ಮೇಲೆ ಇಬ್ಬನಿ ಕೂತರೆ ಸಂತೋಷಪಡಬೇಕು, ಏಕೆಂದರೆ ಮನೆಯ ಶಾಖ ಹೊರಗಿನ ಗಾಜಿನವರೆಗೆ ತಲುಪುತ್ತಿಲ್ಲ ಎಂದು ಅದರ ಅರ್ಥ. ನಡುವೆ ಮಬ್ಬು ಕಟ್ಟಿದಾಗ ಮಾತ್ರ ಗಾಜಿನ ಜೋಡಿ ಕೆಟ್ಟಿದೆ ಎನ್ನಬಹುದು. ಅಂಚಿನ ಪಟ್ಟಿಯೊಳಗೆ ತೇವ ಹೀರುವ ಸಣ್ಣ ಹರಳುಗಳನ್ನು ತುಂಬಿರುತ್ತಾರೆ, ಪಟ್ಟಿಯ ಸುತ್ತ ಎರಡು ಪದರ ಅಂಟು ಹಾಕಿರುತ್ತಾರೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ, ರಾತ್ರಿ ಕುಗ್ಗಿ, ಆ ಅಂಟು ದಿನವೂ ಎಳೆದಾಡಲ್ಪಡುತ್ತದೆ. ಅದರ ಜೊತೆಗೆ ಚೌಕಟ್ಟಿನ ಕೆಳಗಿನ ನೀರು ಬಸಿಯುವ ತೂತುಗಳು ಕಟ್ಟಿಕೊಂಡು ಗಾಜಿನ ಬುಡ ನೀರಿನಲ್ಲೇ ನಿಂತರೆ ಅಂಟು ಬೇಗ ಬಿಟ್ಟುಕೊಳ್ಳುತ್ತದೆ. ಹರಳುಗಳು ಹೀರುವಷ್ಟು ಹೀರಿ ಸಾಕಾದ ಮೇಲೆ ಬರುವ ತೇವವೆಲ್ಲ ಗಾಜಿನ ಮೇಲೆ ಕೂರುತ್ತದೆ. ನಮ್ಮ ನಾಲ್ಕು ಕಿಟಕಿಗಳಲ್ಲಿ ಮೂರರ ತೂತುಗಳು ಪಾಚಿ ಮತ್ತು ಜೇಡರ ಬಲೆಯಿಂದ ಪೂರ್ತಿ ಮುಚ್ಚಿದ್ದವು.

ಮೊದಲು ಅಗ್ಗದ ದಾರಿಯನ್ನೇ ಹಿಡಿದೆವು. 2023ರ ಏಪ್ರಿಲ್‌ನಲ್ಲಿ ಅಡುಗೆಮನೆಯ ಕಿಟಕಿಯನ್ನು ತೂತು ಕೊರೆದು ಒಣಗಿಸುವವರಿಗೆ ಒಪ್ಪಿಸಿದೆ. ಅವರು ಹೊರಗಿನ ಗಾಜಿನ ಮೂಲೆಗಳಲ್ಲಿ ಎರಡು ಸಣ್ಣ ತೂತು ಕೊರೆದು, ಒಳಗೆ ತೊಳೆಯುವ ದ್ರವ ಹಾಯಿಸಿ, ಒಣಗಿಸಿ, ತೂತುಗಳಿಗೆ ಗಾಳಿಯಾಡುವ ಪುಟ್ಟ ಬಿರಡೆ ಹಾಕಿ 55 ಪೌಂಡ್ ಪಡೆದರು. ಬೇಸಿಗೆಯಿಡೀ ಗಾಜು ಸ್ವಚ್ಛವಾಗಿತ್ತು, ಮೆಚ್ಚಿಕೊಂಡೂ ಇದ್ದೆ. ನವೆಂಬರ್ ಕೊನೆಯ ಒಂದು ಬೆಳಿಗ್ಗೆ ಕೆಳಗಿನ ಎಡ ಮೂಲೆಯಲ್ಲಿ ಅಂಗೈಯಗಲ ಮಬ್ಬು ಕಂಡಿತು, ಮಧ್ಯಾಹ್ನಕ್ಕೆ ಹೋಯಿತು. ಜನವರಿಯ ಹೊತ್ತಿಗೆ ಮಧ್ಯಾಹ್ನವೂ ಹೋಗಲಿಲ್ಲ. ಒಣಗಿದ ಹನಿಗಳು ಇಳಿದ ದಾರಿಯಲ್ಲಿ ಸುಣ್ಣದ ಗೆರೆಯಂಥ ಬಿಳಿ ಪಟ್ಟೆಗಳು ನಿಂತವು. ತೇವ ಬಹುಕಾಲ ಕೂತ ಗಾಜಿನ ಮೈ ತಾನೇ ಸವೆದು ಮಂಕಾಗುತ್ತದೆ, ಅದನ್ನು ಯಾವ ದ್ರವವೂ ತೊಳೆಯಲಾರದು. ಈ ವಿಧಾನದ ಬಗ್ಗೆ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ನಮ್ಮಂಥ ಹಳೆಯ ಗಾಜಿನಲ್ಲಿ ನಡುವೆ ಇದ್ದದ್ದು ಬರಿಯ ಗಾಳಿ, ಆದ್ದರಿಂದ ತೂತು ಕೊರೆದದ್ದರಿಂದ ಹೆಚ್ಚೇನೂ ಕಳೆದುಕೊಳ್ಳಲಿಲ್ಲ. ಆದರೆ ಗಾಳಿಗಿಂತ ಕಡಿಮೆ ಶಾಖ ಸಾಗಿಸುವ ಆರ್ಗಾನ್ ಅನಿಲ ತುಂಬಿದ ಹೊಸ ಗಾಜಿಗೆ ತೂತು ಕೊರೆದರೆ ಆ ಅನಿಲ ಹೋಗಿಯೇ ಹೋಗುತ್ತದೆ. ಕಾಯಿಸಿ ಗಟ್ಟಿಮಾಡಿದ ಟಫನ್ಡ್ ಗಾಜಿಗಂತೂ ಡ್ರಿಲ್ ತಾಗಿಸಲೇಬಾರದು, ಇಡೀ ಗಾಜು ಪುಡಿಪುಡಿಯಾಗಿ ಉದುರುತ್ತದೆ.

ಎರಡನೆಯದು, ಚೌಕಟ್ಟನ್ನು ಹಾಗೆಯೇ ಬಿಟ್ಟು ಗಾಜಿನ ಜೋಡಿಯನ್ನಷ್ಟೇ ನಾನೇ ಬದಲಿಸಿದ್ದು. ಇಲ್ಲಿ ಇದನ್ನು ಸೀಲ್ಡ್ ಯೂನಿಟ್ ಎನ್ನುತ್ತಾರೆ. ಅಳತೆ ಕೊಟ್ಟರೆ ಮಾಡಿಕೊಡುವ ಕಾರ್ಖಾನೆಗಳಿವೆ. ಹಿಂದಿನ ಮಲಗುವ ಕೋಣೆಯ ಕಿಟಕಿಗೆ ಇದನ್ನು ಮಾಡಿದೆ, ಮತ್ತು ಈ ಬರಹದಲ್ಲಿ ಹೆಚ್ಚು ಹೇಳಬೇಕಾಗಿರುವುದು ಇದರ ಬಗ್ಗೆಯೇ.

ಅಳತೆಯನ್ನು ಕಾಣುವ ಗಾಜಿನಿಂದ ತೆಗೆದುಕೊಳ್ಳಬಾರದು. ಬೀಡಿಂಗ್, ಅಂದರೆ ಗಾಜನ್ನು ಚೌಕಟ್ಟಿನಲ್ಲಿ ಒತ್ತಿಹಿಡಿಯುವ ಪ್ಲಾಸ್ಟಿಕ್ ಪಟ್ಟಿ, ಅದನ್ನು ತೆಗೆಯದೆ, ರಬ್ಬರಿನಡಿ ಇಷ್ಟಿರಬಹುದೆಂದು ಊಹಿಸಿ ನಾನು ಮೊದಲು ಬರೆದುಕೊಂಡ ಅಗಲಕ್ಕೂ, ಬೀಡಿಂಗ್ ಬಿಚ್ಚಿ ಅಳೆದ ಅಗಲಕ್ಕೂ ಆರು ಮಿಲಿಮೀಟರ್ ವ್ಯತ್ಯಾಸವಿತ್ತು. ಊಹೆಯ ಅಳತೆಯಲ್ಲೇ ಮಾಡಿಸಿದ್ದರೆ ಗಾಜು ಒಳಗೆ ಕೂರುತ್ತಲೇ ಇರಲಿಲ್ಲ, ಒಮ್ಮೆ ಮಾಡಿಸಿದ ಜೋಡಿಯನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಉದ್ದನೆಯ ಬೀಡಿಂಗಿನ ನಡುಮಧ್ಯಕ್ಕೆ ಪುಟ್ಟಿ ಹಚ್ಚುವ ಪಟ್ಟಿಯನ್ನು ತೂರಿಸಿ ಮೆಲ್ಲಗೆ ಮೀಟಿದರೆ ಅದು ಬಿಲ್ಲಿನಂತೆ ಬಾಗಿ ಟಪ್ಪೆಂದು ಹೊರಬರುತ್ತದೆ. ಮೂಲೆಯಿಂದ ಮೀಟಿದರೆ ಪ್ಲಾಸ್ಟಿಕ್ ಬಿರಿಯುತ್ತದೆ. ನಾಲ್ಕು ಬೀಡಿಂಗುಗಳ ಬೆನ್ನಿಗೂ ಯಾವ ಬದಿಯದೆಂದು ಪೆನ್ಸಿಲಿನಲ್ಲಿ ಬರೆದಿಡಬೇಕು. ಆಮೇಲೆ ಗಾಜಿನ ಜೋಡಿಯ ಅಗಲ, ಎತ್ತರಗಳನ್ನು ಎರಡೆರಡು ಕಡೆ ಅಳೆದು, ದಪ್ಪವನ್ನೂ ನೋಡಬೇಕು. ನಮ್ಮದು ನಾಲ್ಕು ಮಿಲಿಮೀಟರ್ ಗಾಜು, ಹದಿನಾರರ ಸಂದು, ಮತ್ತೆ ನಾಲ್ಕರ ಗಾಜು, ಒಟ್ಟು 24. ಈಗಿನ ಹೊಸ ಕಿಟಕಿಗಳಲ್ಲಿ ಹೆಚ್ಚಾಗಿ 28 ಇರುತ್ತದೆ, ಆದರೆ ದಪ್ಪ ಬದಲಾದರೆ ಹಳೆಯ ಬೀಡಿಂಗ್ ಮತ್ತೆ ಕೂರುವುದಿಲ್ಲ.

ನಾನು ಎಡವಿದ್ದು ಪ್ಯಾಕರ್‌ಗಳಲ್ಲಿ. ಗಾಜಿನ ಸುತ್ತ ಇಡುವ ಈ ಬಣ್ಣಬಣ್ಣದ ಪ್ಲಾಸ್ಟಿಕ್ ತುಂಡುಗಳನ್ನು ಗಾಜು ಅಲ್ಲಾಡದಿರಲಿ ಎಂದು ಮಾತ್ರ ಇಡುತ್ತಾರೆಂದು ತಿಳಿದು, ಕೆಳಗೆ ಎರಡು ಕಡೆ ಸಮವಾಗಿಟ್ಟು ಮುಗಿಸಿದ್ದೆ. ಎರಡು ವಾರದಲ್ಲಿ ತೆರೆಯುವ ಬಾಗಿಲು ಹಿಡಿಯ ಕಡೆಗೆ ಜಗ್ಗಿ, ಮುಚ್ಚುವಾಗ ಕೆಳಚೌಕಟ್ಟನ್ನು ಕೆರೆಯತೊಡಗಿತು. ಗಾಜಿನ ಜೋಡಿ ಭಾರದ್ದು. ಒಂದು ಚದರ ಮೀಟರಿಗೆ ಇಪ್ಪತ್ತು ಕಿಲೋ ತೂಗುತ್ತದೆ. ಕೀಲಿನ ಕಡೆಯ ಕೆಳಮೂಲೆಯಲ್ಲಿ ಒಂದು, ಅದಕ್ಕೆ ಕರ್ಣವಾಗಿ ಹಿಡಿಯ ಕಡೆಯ ಮೇಲ್ಮೂಲೆಯಲ್ಲಿ ಇನ್ನೊಂದು ಪ್ಯಾಕರನ್ನು ಬಿಗಿಯಾಗಿ ಕೂರಿಸಿದರೆ ಗಾಜೇ ಅಡ್ಡಗಂಬದಂತೆ ನಿಂತು ಆ ಬಾಗಿಲನ್ನು ಎತ್ತಿಹಿಡಿಯುತ್ತದೆ. ಬೀಡಿಂಗ್ ಮತ್ತೆ ಬಿಚ್ಚಿ ಹಾಗೆ ಮಾಡಿದ ಕ್ಷಣ ಕಿಟಕಿ ಬೆರಳೊಂದರಲ್ಲಿ ಮುಚ್ಚಿತು. ಎರಡು ವರ್ಷವಾದರೂ ಜಗ್ಗಿಲ್ಲ.

ಗಾಜಿಗೆ 78 ಪೌಂಡ್, ಪ್ಯಾಕರ್ ಮತ್ತಿತರ ಸಾಮಾನಿಗೆ ಹನ್ನೆರಡು ಪೌಂಡ್ ಆಯಿತು. ತರಿಸಿದ್ದು ಆರ್ಗಾನ್ ತುಂಬಿ, ಶಾಖವನ್ನು ಒಳಕ್ಕೆ ಹಿಂತಿರುಗಿಸುವ ತೆಳು ಲೋಹದ ಲೇಪವಿರುವ ಗಾಜು. ಲೇಪ ನಿಜಕ್ಕೂ ಇದೆಯೇ ಎಂದು ನೋಡಲು ಕತ್ತಲಲ್ಲಿ ಮೇಣದಬತ್ತಿಯನ್ನು ಗಾಜಿನ ಮುಂದೆ ಹಿಡಿದರೆ ಸಾಕು: ನಾಲ್ಕು ಮೈಗಳಿಂದ ನಾಲ್ಕು ಜ್ವಾಲೆಗಳು ಕಾಣುತ್ತವೆ, ಲೇಪವಿದ್ದರೆ ಅವುಗಳಲ್ಲಿ ಒಂದರ ಬಣ್ಣ ಬೇರೆಯಾಗಿರುತ್ತದೆ. ನಮ್ಮ ಗಾಜಿನಲ್ಲಿ ಕೋಣೆಯ ಕಡೆಯಿಂದ ಎರಡನೆಯ ಜ್ವಾಲೆ ಬೇರೆ ಬಣ್ಣದಲ್ಲಿತ್ತು, ಇರಬೇಕಾದ ಜಾಗವೂ ಅದೇ.

ಮೂರನೆಯದು ಮೆಟ್ಟಿಲಿನ ಅರ್ಧದಲ್ಲಿರುವ ದೊಡ್ಡ ಗಾಜು. ಅಲ್ಲಿಗೆ ನಾನು ಕೈ ಹಾಕಲಿಲ್ಲ. 1.2 ಮೀಟರ್ ಅಗಲ, 1.5 ಮೀಟರ್ ಎತ್ತರದ ಆ ಜೋಡಿ 36 ಕಿಲೋ ತೂಗುತ್ತದೆ, ಅದನ್ನು ಮೆಟ್ಟಿಲ ಮೇಲೆ ನಿಂತು ಎತ್ತಬೇಕು. ಅದೂ ಅಲ್ಲದೆ ನೆಲದಿಂದ 800 ಮಿಲಿಮೀಟರ್ ಒಳಗೆ ಬರುವ ಕಿಟಕಿಯ ಗಾಜು ಇಲ್ಲಿನ ಕಟ್ಟಡ ನಿಯಮದಂತೆ ಸುರಕ್ಷಾ ಗಾಜೇ ಆಗಿರಬೇಕು. ಊರಿನ ಗಾಜಿನ ಕೆಲಸಗಾರರೊಬ್ಬರು ಸಹಾಯಕನೊಂದಿಗೆ ಬಂದು, ಗಾಳಿ ಹೀರಿ ಕಚ್ಚಿಕೊಳ್ಳುವ ಹಿಡಿಕೆಗಳಿಂದ ಹಳೆಯದನ್ನು ಎತ್ತಿ ಹೊಸದನ್ನು ಕೂರಿಸಿ ನಲವತ್ತು ನಿಮಿಷದಲ್ಲಿ ಮುಗಿಸಿದರು. ಟಫನ್ಡ್ ಗಾಜೂ ಸೇರಿ 210 ಪೌಂಡ್, ಹತ್ತು ವರ್ಷದ ಖಾತರಿ. ನಾನೇ ಹಾಕಿದ ಗಾಜಿಗೆ ಕಾರ್ಖಾನೆಯ ಖಾತರಿ ಇದೆ, ಆದರೆ ಅಳತೆಯ ತಪ್ಪಿಗೆ, ಕೂರಿಸುವಾಗಿನ ಬಿರುಕಿಗೆ ಹೊಣೆ ನನ್ನದೇ ಆಗಿತ್ತು. ಎತ್ತರದ, ದೊಡ್ಡ, ಮಹಡಿಯ ಗಾಜಿಗೆ ಈ ಹೆಚ್ಚುವರಿ ಹಣ ಧಾರಾಳವಾಗಿ ಕೊಡಬೇಕಾದದ್ದು ಎಂಬುದು ನನ್ನ ದೃಢ ಅಭಿಪ್ರಾಯ.

ನಾಲ್ಕನೆಯದು ಇಡೀ ಕಿಟಕಿಯನ್ನೇ ಬದಲಿಸುವುದು. ಮುಂದಿನ ಕೋಣೆಯ ಚೌಕಟ್ಟಿನ ಬೆಸುಗೆ ಒಂದು ಮೂಲೆಯಲ್ಲಿ ಬಿಟ್ಟಿತ್ತು, ಬೀಡಿಂಗ್ ಹೊರಗಡೆಗಿದ್ದು ಯಾರು ಬೇಕಾದರೂ ಬಿಚ್ಚುವಂತಿತ್ತು, ಆದ್ದರಿಂದ ಅದಕ್ಕೆ ಬೇರೆ ಉಪಾಯವಿರಲಿಲ್ಲ. ಆದರೆ ಅಂದಾಜು ಕೊಡಲು ಬಂದ ಮೊದಲ ಕಂಪನಿಯ ಮಾರಾಟಗಾರ ಒಂಬತ್ತು ಕಿಟಕಿಗಳೂ ಸರಿಪಡಿಸಲಾಗದವು ಎಂದು ಹೇಳಿ, ಆರು ಸಾವಿರ ಪೌಂಡ್ ಮೀರಿದ ಲೆಕ್ಕವನ್ನು ಕಂತಿನ ಪಟ್ಟಿಯ ಸಮೇತ ಮುಂದಿಟ್ಟ. ಕೆಟ್ಟದ್ದು ನಾಲ್ಕು, ಚೌಕಟ್ಟು ಹಾಳಾದದ್ದು ಒಂದು ಎಂದು ತೋರಿಸಿದರೂ ಒಪ್ಪಲಿಲ್ಲ. ವಿಷಯ ತಿಳಿಯದ ಮನೆಯವರ ಮೇಲೆ ಹೀಗೆ ಹೊರೆ ಹೊರಿಸುವುದು ಅನ್ಯಾಯ ಎಂದು ಇಂದಿಗೂ ಅನ್ನಿಸುತ್ತದೆ. ಬೇರೊಬ್ಬರು ಆ ಒಂದು ಕಿಟಕಿಯನ್ನು 740 ಪೌಂಡಿಗೆ ಹಾಕಿಕೊಟ್ಟರು. ಇಂಗ್ಲೆಂಡಿನಲ್ಲಿ ಇಡೀ ಕಿಟಕಿ ಬದಲಿಸಿದರೆ 2002ರಿಂದ ಫೆನ್ಸಾದಂಥ ಯೋಜನೆಯಲ್ಲಿ ನೋಂದಾಯಿಸಿದವರ ಪ್ರಮಾಣಪತ್ರವನ್ನೋ ಸ್ಥಳೀಯ ಆಡಳಿತದ ಒಪ್ಪಿಗೆಯನ್ನೋ ಪಡೆಯಬೇಕು, ಮನೆ ಮಾರುವಾಗ ಅದನ್ನು ಕೇಳುತ್ತಾರೆ. ಗಾಜನ್ನಷ್ಟೇ ಬದಲಿಸಿದರೆ ಆ ಪತ್ರ ಬೇಕಿಲ್ಲ.

ನಾಲ್ಕನ್ನೂ ಒಂದೇ ಬೆಳಿಗ್ಗೆ ಅಳೆದು ನೋಡಿದೆ. 2025ರ ಜನವರಿಯಲ್ಲಿ ಹೊರಗೆ ಸೊನ್ನೆ ಡಿಗ್ರಿ, ಒಳಗೆ 20 ಡಿಗ್ರಿ ಇದ್ದಾಗ, ಮುಟ್ಟದೆ ಶಾಖ ಅಳೆಯುವ ಥರ್ಮಾಮೀಟರು ತೂತು ಕೊರೆದ ಗಾಜಿನ ಒಳಮೈಗೆ 13 ತೋರಿಸಿತು. ನಾನು ಬದಲಿಸಿದ ಗಾಜು, ಕೆಲಸಗಾರರು ಬದಲಿಸಿದ ಗಾಜು, ಹೊಸ ಕಿಟಕಿಯ ಗಾಜು, ಮೂರೂ 17ರ ಆಸುಪಾಸಿನಲ್ಲಿದ್ದವು. 90 ಪೌಂಡಿನ ಕೆಲಸಕ್ಕೂ 740 ಪೌಂಡಿನ ಕೆಲಸಕ್ಕೂ ಗಾಜಿನ ಮಟ್ಟಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಚೌಕಟ್ಟು ಗಟ್ಟಿಯಾಗಿದ್ದರೆ ಇಡೀ ಕಿಟಕಿ ಬದಲಿಸಬೇಡಿ ಎಂದು ನಾನು ಪರಿಚಿತರಿಗೆಲ್ಲ ಹೇಳುವುದು ಇದೇ ಕಾರಣಕ್ಕೆ.

ಮಬ್ಬಿಲ್ಲದ ಉಳಿದ ಐದು ಕಿಟಕಿಗಳ ತೊಂದರೆ ಬೇರೆ, ಅಂಚಿನಿಂದ ಗಾಳಿ ನುಗ್ಗುತ್ತಿತ್ತು. ಒಂದು ಕಾಗದದ ಚೂರನ್ನು ಇಟ್ಟು ಕಿಟಕಿ ಮುಚ್ಚಿ ಎಳೆದರೆ, ಸಲೀಸಾಗಿ ಜಾರಿಬಂದ ಕಡೆ ಬಿಗಿ ಸಾಲದೆಂದು ತಿಳಿಯುತ್ತದೆ. ಮೂರರಲ್ಲಿ, ಅಂಚಿನ ಬೀಗದ ಅಣಬೆಯಾಕಾರದ ಗುಂಡಿಗಳನ್ನು ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸಿದ್ದರಲ್ಲೇ ಗಾಳಿ ನಿಂತಿತು, ಒಂದು ಪೈಸೆ ಖರ್ಚಾಗಲಿಲ್ಲ. ಒಂದಕ್ಕೆ ಕತ್ತರಿಯಂತೆ ಮಡಚುವ ಕೀಲನ್ನು ಬದಲಿಸಬೇಕಾಯಿತು; ಹಳೆಯದನ್ನು ಬಿಚ್ಚಿ ಅದರ ದಪ್ಪ 13 ಮಿಲಿಮೀಟರೋ 17 ಮಿಲಿಮೀಟರೋ ಎಂದು ನೋಡಿಯೇ ಹೊಸದನ್ನು ಕೊಳ್ಳಬೇಕು. ಐದನೆಯದರ ರಬ್ಬರು ಬಿರಿದಿತ್ತು, ಅದರ ಒಂದು ಇಂಚಿನ ತುಂಡನ್ನು ಮಾದರಿಗೆ ಕಳಿಸಿ ಅದೇ ಆಕಾರದ್ದನ್ನು ತರಿಸಿದೆ. ಈ ರಬ್ಬರಿಗೆ ಸಿಲಿಕೋನ್ ಸ್ಪ್ರೇ ಒಳ್ಳೆಯದು. ಪೆಟ್ರೋಲಿಯಂ ಜೆಲ್ಲಿಯನ್ನಾಗಲಿ ಗ್ರೀಸನ್ನಾಗಲಿ ಹಚ್ಚಿದರೆ ರಬ್ಬರು ಉಬ್ಬಿ ಕೆಡುತ್ತದೆ. ಎಣ್ಣೆ ಬೇಕಿರುವುದು ಬೀಗಕ್ಕೆ ಮತ್ತು ಕೀಲಿಗೆ, ಅದೂ ಹೊಲಿಗೆ ಯಂತ್ರಕ್ಕೆ ಬಿಡುವಂಥ ತೆಳು ಎಣ್ಣೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಬದಿಯ ಫ್ಲ್ಯಾಟಿನಲ್ಲಿ ಸದ್ದು ತಡೆಯಲೆಂದು ಜೋಡಿ ಗಾಜಿನ ಜಾರು ಕಿಟಕಿ ಹಾಕಿಸಿದ ತಮ್ಮನಿಗೂ ನಾನು ಹೇಳಿದ್ದು ಗಾಜಿಗಿಂತ ಮೊದಲು ಅಂಚಿನ ಬ್ರಷ್ ಪಟ್ಟಿಯನ್ನು ನೋಡು ಎಂದೇ, ಏಕೆಂದರೆ ಗಾಳಿ ನುಸುಳುವ ಸಂದಿನಲ್ಲಿ ಹಾರ್ನಿನ ಸದ್ದೂ ನುಸುಳುತ್ತದೆ.

ಅಡುಗೆಮನೆಯ ತೂತು ಕೊರೆದ ಗಾಜಿಗೆ ಇದು ಮೂರನೆಯ ಚಳಿಗಾಲ. ಕಳೆದ ಭಾನುವಾರ ಅದರ ಬೀಡಿಂಗ್ ಬಿಚ್ಚಿ, ಬಸಿಯುವ ತೂತುಗಳನ್ನು ಕೇಬಲ್ ಟೈ ತುದಿಯಿಂದ ಬಿಡಿಸಿ, ಲೋಟದಲ್ಲಿ ನೀರು ಹುಯ್ದು ಹೊರಗೆ ಹರಿಯುವುದನ್ನು ನೋಡಿದೆ. ಅಳತೆ 962, 1088, ದಪ್ಪ 24. ಹೊಸ ಜೋಡಿ ಗುರುವಾರ ಬರುತ್ತದೆ.