‘ಫೋರ್ಸ್ ಫೀಡ್‌ಬ್ಯಾಕ್’ ಅಂತ ಬರೆದ ಪೆಟ್ಟಿಗೆಯೊಳಗೆ ರಬ್ಬರ್ ಹಗ್ಗ ಇತ್ತು

ನಮ್ಮ ಸೋದರಮಾವ ಇಪ್ಪತ್ತಾರು ವರ್ಷ ಲಾರಿ ಓಡಿಸಿದವರು. ಅದರಲ್ಲಿ ಅರ್ಧಕ್ಕರ್ಧ ಪವರ್ ಸ್ಟೀರಿಂಗ್ ಇಲ್ಲದ ಗಾಡಿಗಳು. ನಾನು ಏಳೂವರೆ ಸಾವಿರ ಕೊಟ್ಟು ಆನ್‌ಲೈನಲ್ಲಿ ತರಿಸಿದ್ದ ಗೇಮಿಂಗ್ ವೀಲ್ ಮುಂದೆ ಒಂದು ಭಾನುವಾರ ಅವರನ್ನು ಕೂರಿಸಿ ಯೂರೋ ಟ್ರಕ್ ಸಿಮ್ಯುಲೇಟರ್ 2 ಹಾಕಿಕೊಟ್ಟೆ. ಒಂದು ತಿರುವು ದಾಟಿದರು. ಎರಡನೇ ತಿರುವಲ್ಲಿ ಜರ್ಮನಿಯ ಯಾವುದೋ ಹೊಲಕ್ಕೆ ಗಾಡಿ ಇಳಿಸಿ ಕೈ ಎತ್ತಿಬಿಟ್ಟರು.

“ಲೋ, ಟೈರು ಎಲ್ಲೋ ಐತೆ, ಸ್ಟೇರಿಂಗ್ ಎಲ್ಲೋ ಐತೆ. ಒಳಗೆ ರಬ್ಬರ್ ಗಿಬ್ಬರ್ ಕಟ್ಟವ್ರೇನೋ?”

ನಗಾಡಿದೆ. ಹದಿನೈದು ದಿನ ಆದಮೇಲೆ ಸ್ಕ್ರೂ ಬಿಚ್ಚಿ ನೋಡಿದರೆ, ಕಟ್ಟಿದ್ದರು! ಸ್ಟೀರಿಂಗ್ ದಂಡಕ್ಕೆ ಸುತ್ತಿದ ಒಂದು ದಪ್ಪ ರಬ್ಬರ್ ಹಗ್ಗ, ಎರಡು ಪುಟ್ಟ ಮೋಟಾರು. ಮೊಬೈಲ್ ನಡುಗಿಸುವ ಮೋಟಾರಿನ ದೊಡ್ಡಣ್ಣ ಅನ್ನಬಹುದು, ಅಷ್ಟೇ. ಹಗ್ಗ ವೀಲನ್ನು ನಡುವಿಗೆ ಎಳೆಯುತ್ತದೆ, ಮೋಟಾರು ಗುಂಯ್ ಅನ್ನುತ್ತದೆ. ಗಾಡಿ ಐಸ್ ಮೇಲಿರಲಿ ಡಾಂಬರಿನ ಮೇಲಿರಲಿ, ಎಳೆತ ಒಂದೇ. ಪೆಟ್ಟಿಗೆಯ ಮೇಲೆ ಮಾತ್ರ ‘ಡ್ಯುಯಲ್ ವೈಬ್ರೇಷನ್ ಫೋರ್ಸ್ ಫೀಡ್‌ಬ್ಯಾಕ್’ ಅಂತ ದೊಡ್ಡಕ್ಷರ.

ವೈಬ್ರೇಷನ್ ಬೇರೆ, ಫೋರ್ಸ್ ಫೀಡ್‌ಬ್ಯಾಕ್ ಬೇರೆ. ನಿಜವಾದ ಫೋರ್ಸ್ ಫೀಡ್‌ಬ್ಯಾಕ್ ವೀಲಿನಲ್ಲಿ ಮೋಟಾರು ಸ್ಟೀರಿಂಗನ್ನೇ ತಿರುಗಿಸುತ್ತದೆ. ಮುಂದಿನ ಟೈರುಗಳ ಮೇಲೆ ಎಷ್ಟು ಬಲ ಬೀಳುತ್ತಿದೆ ಅಂತ ಗೇಮ್ ಕ್ಷಣಕ್ಷಣವೂ ಲೆಕ್ಕ ಹಾಕಿ ಕಳಿಸುತ್ತದೆ, ಮೋಟಾರು ಅದನ್ನು ನಿಮ್ಮ ಕೈಗೆ ಮುಟ್ಟಿಸುತ್ತದೆ. ಅಂಗಡಿಯಲ್ಲೋ ಆನ್‌ಲೈನಲ್ಲೋ ನೋಡುವಾಗ ಮೊದಲು ಗಮನಿಸಬೇಕಾದ್ದು ಒಂದೇ: ಗೋಡೆಯ ಸಾಕೆಟ್ಟಿಗೆ ಹಾಕುವ ಪ್ರತ್ಯೇಕ ಪವರ್ ಅಡಾಪ್ಟರ್ ಇದೆಯಾ? ಬರೀ ಯುಎಸ್‌ಬಿ ವೈರಿನ ಕರೆಂಟಿನಲ್ಲಿ ಕೈಯನ್ನು ಎಳೆದಾಡುವಂಥ ಮೋಟಾರು ಓಡುವುದಿಲ್ಲ. ಎರಡನೆಯದು, ಎಷ್ಟು ಡಿಗ್ರಿ ತಿರುಗುತ್ತದೆ ಅನ್ನುವುದು. 180, 270 ಅಂತಷ್ಟೇ ಬರೆದಿದ್ದರೆ ಅನುಮಾನ ಪಡಿ. ಲಾಜಿಟೆಕ್ ಜಿ29 900 ಡಿಗ್ರಿ, ಥ್ರಸ್ಟ್‌ಮಾಸ್ಟರ್ ಟಿ150 1080 ಡಿಗ್ರಿ. ಆದರೆ ಡಿಗ್ರಿಯೊಂದನ್ನೇ ನಂಬಿ ಕೂರಬೇಡಿ, ರಬ್ಬರ್ ಹಗ್ಗದವರೂ ಈಗ 900 ಅಂತ ಬರೆಯುವುದನ್ನು ಕಲಿತಿದ್ದಾರೆ. ಮೂರನೆಯದು ಸುಳ್ಳು ಹೇಳಲಾಗದ ಗುರುತು. ಕರೆಂಟ್ ಕೊಟ್ಟು ಕಂಪ್ಯೂಟರಿಗೆ ಸಿಕ್ಕಿಸಿದ ಕೂಡಲೇ ಜಿ29, ಟಿ150 ಥರದ ವೀಲುಗಳು ದೆವ್ವ ಹಿಡಿದ ಹಾಗೆ ತಾವೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿ ನಡುವಿಗೆ ಬಂದು ನಿಲ್ಲುತ್ತವೆ.

(ಇಲ್ಲೇ ಒಂದು ಮಾತು. ನಮ್ಮ ಮನೆಯಲ್ಲಿ ಕಂಪ್ಯೂಟರ್ ಯುಪಿಎಸ್ ಮೇಲೆ, ವೀಲಿನ ಅಡಾಪ್ಟರ್ ಮಾತ್ರ ಮಾಮೂಲಿ ಸಾಕೆಟ್ಟಲ್ಲಿ. ಕರೆಂಟ್ ಹೋಗಿ ಬಂದಾಗ ವೀಲ್ ಗಿರ್ರನೆ ತಿರುಗಿ, ಅದರ ಅಂಚಿಗೆ ಒರಗಿಸಿಟ್ಟಿದ್ದ ಕಾಫಿ ಲೋಟ ಕೀಬೋರ್ಡ್ ಮೇಲೆ. ಲೋಟದ ಜಾಗದಲ್ಲಿ ಮಗುವಿನ ಬೆರಳಿದ್ದಿದ್ದರೆ? ಮಕ್ಕಳಿರುವ ಮನೆಯಲ್ಲಿ ಆಟ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ.)

ಕನ್ಸೋಲ್ ಇರುವವರಿಗೆ ಇನ್ನೊಂದು ಗುಂಡಿ ತೋಡಿಟ್ಟಿದ್ದಾರೆ. ಜಿ29 ಪ್ಲೇಸ್ಟೇಷನ್ನಿಗೆ, ಜಿ920 ಎಕ್ಸ್‌ಬಾಕ್ಸಿಗೆ. ಪಿಸಿಗೆ ಎರಡೂ ಆಗುತ್ತವೆ, ಒಂದರ ಕನ್ಸೋಲಿಗೆ ಇನ್ನೊಂದು ಆಗುವುದಿಲ್ಲ. ಜಿ923 ಅಂತ ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ಮಾದರಿ ಮಾರುತ್ತಾರೆ, ಪೆಟ್ಟಿಗೆಯ ಮೇಲಿನ ಲೋಗೋ ನೋಡದೆ ದುಡ್ಡು ಕೊಡಬೇಡಿ. ಟಿ150 ಪ್ಲೇಸ್ಟೇಷನ್ನಿನದು, ಅದರ ಎಕ್ಸ್‌ಬಾಕ್ಸ್ ತಮ್ಮ ಟಿಎಂಎಕ್ಸ್.

ಮೊದಲನೇ ಸಲ ಬುದ್ಧಿ ಕಲಿತೆ ಅಂದುಕೊಂಡು ಎರಡನೇ ಸಲ ಸೆಕೆಂಡ್ ಹ್ಯಾಂಡಿಗೆ ಹೋದೆ. ಹೆಸರಿರುವ ಕಂಪನಿಯದು, ಮೋಟಾರಿನ ಬಲ ಗೇರ್ ಹಲ್ಲುಗಳ ಮೂಲಕ ವೀಲಿಗೆ ಬರುವಂಥದು, ಹದಿನಾಲ್ಕು ಸಾವಿರಕ್ಕೆ ಬೆಂಗಳೂರಲ್ಲಿ ಒಬ್ಬರು ಕೊಡುವವರಿದ್ದರು. ಮೈಸೂರಿಂದ ಬೆಳಗಿನ ರೈಲಿಗೆ ಹೋದೆ. ನಾನು ಹೋಗುವ ಹೊತ್ತಿಗೆ ಗೇಮ್ ಹಾಕಿಯೇ ಇಟ್ಟಿದ್ದರು. ಎರಡು ನಿಮಿಷ ಓಡಿಸಿದೆ, ಕೈಗೆ ಗಟ್ಟಿಯಾಗಿ ಸಿಕ್ಕಿತು, ಖುಷಿಯಾಗಿ ದುಡ್ಡು ಕಳಿಸಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆ ರೈಲಿಗೆ ವಾಪಸ್. ‘ಗೇಮ್ ಹಾಕಿಯೇ ಇಟ್ಟಿದ್ದರು’ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಮೂರನೇ ದಿನ, ನೆಟ್ಟಗಿನ ರಸ್ತೆಯಲ್ಲಿ ಹೋಗುವಾಗ ವೀಲ್ ಎಡಕ್ಕೆ ವಾಲಿತ್ತು. ಆಫ್ ಮಾಡಿ ಆನ್ ಮಾಡಿದೆ, ಸರಿಹೋಯಿತು. ನಾಲ್ಕು ಲ್ಯಾಪಿಗೆ ಮತ್ತೆ ವಾಲಿತು, ಈ ಸಲ ಇನ್ನೂ ಜಾಸ್ತಿ. ಕೊನೆಕೊನೆಗೆ ನೆಟ್ಟಗೆ ಹೋಗಬೇಕೆಂದರೆ ವೀಲನ್ನು ಗಡಿಯಾರದ ಹತ್ತು ಗಂಟೆಯ ಕಡೆಗೆ ಹಿಡಿಯಬೇಕಿತ್ತು. ಗೊತ್ತಿದ್ದ ಮೊಬೈಲ್ ರಿಪೇರಿ ಹುಡುಗನ ಹತ್ತಿರ ಬಿಚ್ಚಿಸಿದಾಗ ಕಾರಣ ಸಿಕ್ಕಿತು. ಮೋಟಾರಿನ ದಂಡಕ್ಕೆ ಒಂದು ರೂಪಾಯಿ ನಾಣ್ಯದಷ್ಟು ಚಿಕ್ಕ ಬಿಲ್ಲೆ ಇರುತ್ತದೆ, ಸುತ್ತ ಸಣ್ಣ ಸಣ್ಣ ಸೀಳು. ಅದು ತಿರುಗುವಾಗ ಸೀಳುಗಳನ್ನು ಬೆಳಕಿನಿಂದ ಎಣಿಸಿಯೇ ವೀಲ್ ಎಷ್ಟು ತಿರುಗಿತು ಅಂತ ಕಂಪ್ಯೂಟರಿಗೆ ಗೊತ್ತಾಗುವುದು. ಎನ್‌ಕೋಡರ್ ಅಂತ ಹೆಸರು. ನನ್ನದರ ಬಿಲ್ಲೆಯ ನಡುವಿನ ಪ್ಲಾಸ್ಟಿಕ್ಕಿಗೆ ಕೂದಲೆಳೆಯಷ್ಟು ಬಿರುಕು. ಜೋರಾಗಿ ತಿರುಗಿಸಿದಾಗ ದಂಡ ತಿರುಗುತ್ತದೆ, ಬಿಲ್ಲೆ ಜಾರುತ್ತದೆ, ಎಣಿಕೆ ತಪ್ಪುತ್ತದೆ. ಎರಡೇ ನಿಮಿಷ ನಿಧಾನವಾಗಿ ಓಡಿಸಿದವನಿಗೆ ಇದು ಎಲ್ಲಿ ಗೊತ್ತಾಗಬೇಕು. ಆ ಹುಡುಗ ಗುಂಡುಸೂಜಿ ತುದಿಯಲ್ಲಿ ಅಂಟು ಹಚ್ಚಿಕೊಟ್ಟ. ಒಂದೂವರೆ ತಿಂಗಳು ಬಂತು, ಮತ್ತೆ ಜಾರಿತು, ಮತ್ತೆ ಅಂಟು. ಬ್ರೇಕ್ ಪೆಡಲಿನದು ಇನ್ನೊಂದು ರೋಗ: ಪೂರ್ತಿ ಒತ್ತಿದರೂ ಗೇಮಿನಲ್ಲಿ ಮುಕ್ಕಾಲಿಗೇ ನಿಂತು ನಡುಗುತ್ತಿತ್ತು. ಅದು ಪೆಡಲ್ ಎಷ್ಟು ಒತ್ತಿದೆ ಅಂತ ಅಳೆಯುವ, ಅದರ ಬುಡದ ಪೊಟೆನ್ಷಿಯೋಮೀಟರಿಗೆ ಧೂಳು ಕೂತಿದ್ದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ವಾಸಿಯಾಗುವಂಥದು. ಆ ಒಂದು ಸಮಾಧಾನ.

ಹಾಗಾಗಿ ಹಳೆಯದನ್ನು ಕೊಳ್ಳಲು ಹೋದರೆ ಮಾರುವವರಿಗೆ ಮೊದಲೇ ಹೇಳಿಬಿಡಿ, “ನಾನು ಬರೋವರೆಗೂ ವೈರ್ ಹಾಕ್ಬೇಡಿ ಸಾರ್.” ನಿಮ್ಮ ಕಣ್ಣೆದುರೇ ಕರೆಂಟ್ ಕೊಡಿಸಿ. ತಿರುಗಿ ನಡುವಿಗೇ ನಿಲ್ಲುತ್ತದಾ ನೋಡಿ, ತೆಗೆದು ಹಾಕಿ ಮೂರು ಸಲ ನೋಡಿ. ಆಮೇಲೆ ಈ ತುದಿಯಿಂದ ಆ ತುದಿಗೆ ಹತ್ತು ಸಲ ರಭಸದಿಂದ ತಿರುಗಿಸಿ, ನಡುವಿಗೆ ತಂದು, ಕಂಪ್ಯೂಟರಿನ ಕಂಟ್ರೋಲರ್ ಪುಟದಲ್ಲಿ ಗುರುತು ನಡುವಲ್ಲೇ ಇದೆಯಾ ನೋಡಿ. ಇದೊಂದು ಪರೀಕ್ಷೆ ಮಾಡಿದ್ದರೆ ನನ್ನ ಹದಿನಾಲ್ಕು ಸಾವಿರ ಉಳಿಯುತ್ತಿತ್ತು. ಪೆಡಲನ್ನು ಇಂಚಿಂಚಾಗಿ ಒತ್ತಿ, ಅದೇ ಪುಟದ ಪಟ್ಟಿ ನಡುಗದೆ ಏರುತ್ತದಾ ನೋಡಿ. ವೀಲ್ ಹಿಡಿದು ಅಲ್ಲಾಡಿಸಿದರೆ ಗೇರ್ ಮಾದರಿಯಲ್ಲಿ ಟಕ್ ಟಕ್ ಅನ್ನುವುದು ಸಹಜ, ಹಲ್ಲು ಕಡಿದ ಹಾಗೆ ಕರಕರ ಅಂದರೆ ಎದ್ದು ಬನ್ನಿ. ಸಂಕೋಚ ಬೇಡ. ನನಗೆ ಅವರ ಮನೆಯಲ್ಲಿ ಉಪ್ಪಿಟ್ಟು ಕೊಟ್ಟಿದ್ದರು, ತಿಂದಮೇಲೆ ಹತ್ತು ಸಲ ತಿರುಗಿಸಿ ನೋಡುವುದು ಹೇಗೆ ಅನ್ನಿಸಿಬಿಟ್ಟಿತ್ತು.

ಇನ್ನು ಮೂರನೇ ಏಟು. ಇದರಲ್ಲಿ ಯಾರೂ ನನಗೆ ಮೋಸ ಮಾಡಲಿಲ್ಲ, ನಾನೇ ಮಾಡಿಕೊಂಡಿದ್ದು.

ವೀಲ್ ಭಾರವಾಗಿದ್ದಷ್ಟೂ ನಿಜವಾದ ಕಾರಿನ ಹಾಗೆ ಅಂತ ನನ್ನ ತಲೆಯಲ್ಲಿತ್ತು. ಡ್ರೈವರ್ ಸಾಫ್ಟ್‌ವೇರಿನಲ್ಲಿ 100, ಗೇಮಿನ ಗೇನ್ (ಬಲವನ್ನು ಏರಿಸಿ ಇಳಿಸುವ ಸೆಟ್ಟಿಂಗ್) 100ನ್ನೂ ದಾಟಿಸಿ, ಕರ್ಬ್ (ಟ್ರ್ಯಾಕಿನ ಅಂಚಿನ ಉಬ್ಬು), ರೋಡ್, ಸ್ಲಿಪ್ ಎಫೆಕ್ಟ್ ಅಂತ ಇದ್ದಬದ್ದ ಪಟ್ಟಿಯೆಲ್ಲ ಬಲಕ್ಕೆ ಎಳೆದುಬಿಟ್ಟೆ. ಅಸೆಟ್ಟೊ ಕೋರ್ಸಾ ಅನ್ನುವ ರೇಸಿಂಗ್ ಗೇಮಿನಲ್ಲಿ ಮೊಂಝಾ ಟ್ರ್ಯಾಕು. ಅದರ ಕೊನೆಯ ತಿರುವು ಪ್ಯಾರಾಬೋಲಿಕಾ, ಬಲಕ್ಕೆ ಉದ್ದಕ್ಕೆ ಬಾಗಿಕೊಂಡು ಹೋಗುತ್ತದೆ. ಅಲ್ಲಿ ಪ್ರತಿ ಸಲವೂ ಮುಂದಿನ ಟೈರು ಜಾರಿ ಹೊರಗೆ. ಎರಡು ತಿಂಗಳು ಹೀಗೇ. ಬಲಭುಜ ಹಿಡಿದುಕೊಂಡು, ರಾತ್ರಿ ಅಮ್ಮನ ಕೈಲಿ ನೋವಿನೆಣ್ಣೆ ಹಚ್ಚಿಸಿಕೊಳ್ಳುವಷ್ಟಾಯಿತು. ಲ್ಯಾಪ್ ಟೈಮ್ ಮಾತ್ರ ಅಲ್ಲೇ.

ಆ ಗೇಮಿನಲ್ಲಿ ಪೆಡಲುಗಳ ಚಿಕ್ಕ ಕಿಟಕಿಯೊಂದಿದೆ. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಪಕ್ಕ ನಾಲ್ಕನೇ ಪಟ್ಟಿ ಫೋರ್ಸ್ ಫೀಡ್‌ಬ್ಯಾಕಿನದು. ಒಂದು ದಿನ ರೀಪ್ಲೇ ಬಿಟ್ಟು ಅದನ್ನೇ ನೋಡುತ್ತಾ ಓಡಿಸಿದೆ. ಪ್ಯಾರಾಬೋಲಿಕಾ ಹೊಕ್ಕಾಗ ಪಟ್ಟಿ ಕೆಂಪಗಾಯಿತು, ಹೊರಬರುವವರೆಗೂ ಕೆಂಪು.

ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಜಾತ್ರೆಯ ಮೈಕಿಗೆ ವಾಲ್ಯೂಮ್ ಪೂರ್ತಿ ಕೊಟ್ಟರೆ ಹಾಡು ಯಾವುದು, ಭಾಷಣ ಯಾವುದು ಗೊತ್ತಾಗದೆ ಬರೀ ಗರ್ ಅನ್ನುತ್ತದಲ್ಲ, ಅದೇ. ಮೋಟಾರಿನ ಗರಿಷ್ಠ ಬಲ 100 ಅಂದುಕೊಳ್ಳಿ. ಗೇನ್ ಏರಿಸಿದ್ದರಿಂದ ಗೇಮ್ 130 ಕೇಳುತ್ತದೆ, ಸಿಗುವುದು 100. ಈಗ ಮುಖ್ಯ ವಿಷಯ. ಮುಂದಿನ ಟೈರು ಹಿಡಿತ ಬಿಡುವುದಕ್ಕೆ ಸ್ವಲ್ಪ ಮೊದಲೇ ಸ್ಟೀರಿಂಗಿನ ಎಳೆತ ಸಡಿಲವಾಗುತ್ತದೆ, ನಿಜವಾದ ಕಾರಿನಲ್ಲೂ ಹೀಗೇ. ‘ಇನ್ನು ತಿರುಗಿಸಬೇಡ’ ಅಂತ ಕಾರು ಕೈಗೆ ಹೇಳುವುದು ಆ ಸಡಿಲಿಕೆಯಲ್ಲೇ. ಆದರೆ 130 ಇದ್ದದ್ದು 110ಕ್ಕೆ ಇಳಿದರೆ ನನ್ನ ಕೈಗೆ ಎರಡೂ 100. ಸುದ್ದಿ ಬರಲೇ ಇಲ್ಲ. ಹದಿನಾಲ್ಕು ಸಾವಿರದ ಮೋಟಾರನ್ನು ನಾನೇ ರಬ್ಬರ್ ಹಗ್ಗ ಮಾಡಿಟ್ಟಿದ್ದೆ.

ಗೇನ್ ಇಳಿಸಿದೆ. ಅಸೆಟ್ಟೊ ಕೋರ್ಸಾದಲ್ಲಿ ಓಡಿಸುತ್ತಲೇ ನಂಬರ್ ಪ್ಯಾಡಿನ ಪ್ಲಸ್, ಮೈನಸ್ ಒತ್ತಿ ಒಂದೊಂದು ಕಾರಿಗೂ ಬೇರೆ ಬೇರೆ ಇಡಬಹುದು. ಅತಿ ವೇಗದ ಉದ್ದ ತಿರುವಲ್ಲಿ ಪಟ್ಟಿ ಕೆಂಪಾಗದಂತೆ, ಕರ್ಬ್ ಹತ್ತಿದಾಗ ಮಾತ್ರ ಒಮ್ಮೆ ಮಿಂಚಿ ಹೋಗುವಂತೆ ಇಟ್ಟುಕೊಂಡೆ. ಎಫೆಕ್ಟುಗಳನ್ನೆಲ್ಲ ಸೊನ್ನೆ ಮಾಡಿದೆ. ಅವು ಮೇಲಿಂದ ಉದುರಿಸುವ ಮಸಾಲೆ, ಕರ್ಬಿನ ನಿಜವಾದ ಏಟು ಹೇಗೂ ಸಸ್ಪೆನ್ಷನ್ ಲೆಕ್ಕದಿಂದ ಬರುತ್ತದೆ. ಡ್ರೈವರ್ ಸಾಫ್ಟ್‌ವೇರಿನ ಸೆಂಟರಿಂಗ್ ಸ್ಪ್ರಿಂಗ್ ಆನ್ ಇತ್ತು, ತೆಗೆದೆ. ಅದನ್ನು ಆನ್ ಇಟ್ಟರೆ ವೀಲನ್ನು ಸದಾ ನಡುವಿಗೆ ಎಳೆದು ನಿಜವಾದ ಬಲವನ್ನು ಮುಚ್ಚಿಹಾಕುತ್ತದೆ. ಗೇರ್ ವೀಲುಗಳಿಗೆ ಇನ್ನೊಂದು ಔಷಧಿ ಗೇಮಿನ ಮಿನಿಮಮ್ ಫೋರ್ಸ್ ಅನ್ನುವ ಸೆಟ್ಟಿಂಗ್. ಸಣ್ಣ ಬಲಕ್ಕೆ ಗೇರುಗಳು ಅಲುಗುವುದೇ ಇಲ್ಲ, ನಡುವಲ್ಲಿ ವೀಲ್ ಸತ್ತ ಹಾಗಿರುತ್ತದೆ. ನೆಟ್ಟಗೆ ಹೋಗುವಾಗ ವೀಲ್ ತಾನೇ ಗಡಗಡ ಅನ್ನುವವರೆಗೆ ಏರಿಸಿ, ಅಲ್ಲಿಂದ ಒಂದೆರಡು ಇಳಿಸಿ. ನನ್ನದು 12ರ ಹತ್ತಿರ ನಿಂತಿತು, ನಿಮ್ಮದು ಬೇರೆ ಇರುತ್ತದೆ. ಇನ್ನೊಬ್ಬರ ಸೆಟ್ಟಿಂಗನ್ನು ಕಣ್ಣು ಮುಚ್ಚಿ ಹಾಕಿಕೊಳ್ಳುವುದು ಇನ್ನೊಬ್ಬರ ಕನ್ನಡಕ ಹಾಕಿಕೊಂಡ ಹಾಗೆ.

‘ಹಾಗಾದರೆ ಡೈರೆಕ್ಟ್ ಡ್ರೈವೇ ತಗೊಂಡುಬಿಡ್ತೀನಿ’ ಅನ್ನುವವರಿಗೆ: ಅದರಲ್ಲಿ ಗೇರೂ ಇಲ್ಲ ಬೆಲ್ಟೂ ಇಲ್ಲ, ವೀಲ್ ನೇರ ಮೋಟಾರಿನ ದಂಡಕ್ಕೇ ಕೂರುತ್ತದೆ, ಚೆನ್ನಾಗಿಯೇ ಇರುತ್ತದೆ. 2021ರಲ್ಲಿ ಬಂದ ಫನಾಟೆಕ್ ಸಿಎಸ್‌ಎಲ್ ಡಿಡಿ 5 ನ್ಯೂಟನ್ ಮೀಟರಿನದು. 28 ಸೆಂಟಿಮೀಟರ್ ಅಗಲದ ವೀಲಿನ ಅಂಚಲ್ಲಿ ಅದು ಮೂರೂವರೆ ಕೆಜಿ ತೂಗಿದ ಹಾಗೆ. ಜಿ29 ಥರದ್ದು ಅದರ ಅರ್ಧದಷ್ಟೂ ಇಲ್ಲ, ಆ ಅರ್ಧಕ್ಕೇ ನನ್ನ ಕಂಪ್ಯೂಟರ್ ಟೇಬಲ್ಲಿನ ಅಂಚು ಕ್ಲ್ಯಾಂಪ್ ಸಮೇತ ಲಟಕ್ ಅಂತ ಕಿತ್ತು ಬಂತು. ಮರದ ಪುಡಿ ಒತ್ತಿ ಮಾಡಿದ ಟೇಬಲ್ಲು, ಒಳಗೆ ಹೊಟ್ಟು. ಹೆಚ್ಚು ಬಲದ ವೀಲ್ ತಂದರೆ ಸ್ಟ್ಯಾಂಡಿನ ದುಡ್ಡನ್ನೂ ಸೇರಿಸಿಯೇ ಲೆಕ್ಕ ಹಾಕಿ, ಹೆಬ್ಬೆರಳನ್ನು ವೀಲಿನ ಕಡ್ಡಿಗಳ ನಡುವೆ ತೂರಿಸಬೇಡಿ.

ನೆಲದ ಕಥೆಯನ್ನು ಯಾರೂ ಹೇಳುವುದಿಲ್ಲ. ಪೆಡಲಿನ ಅಡಿಯ ಹಲ್ಲುಗಳು ಕಾರ್ಪೆಟ್ಟಿಗೆ ಮಾಡಿದವು. ನಮ್ಮ ಟೈಲ್ಸ್ ನೆಲದಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಮುಂದಕ್ಕೆ, ಚಕ್ರದ ಕುರ್ಚಿ ಹಿಂದಕ್ಕೆ, ನಾನು ನಡುವೆ ಜೋತಾಡಿಕೊಂಡು. ಪೆಡಲಿಗೂ ಗೋಡೆಗೂ ನಡುವೆ ಒಂದು ಹಲಗೆ ಕೊಟ್ಟೆ, ಕುರ್ಚಿಯ ಐದು ಚಕ್ರಗಳನ್ನು ಐದು ಹಳೆ ಶೂಗಳೊಳಗೆ ಇಳಿಸಿದೆ. ನೋಡಲು ಚೆನ್ನಾಗಿಲ್ಲ, ಕುರ್ಚಿ ಅಲುಗುವುದಿಲ್ಲ.

ಏಳೂವರೆ ಸಾವಿರದ್ದು ಈಗ ಅಕ್ಕನ ಮಗನ ಪಾಲಾಗಿದೆ. ಅಡಾಪ್ಟರ್ ಇಲ್ಲದ್ದರಿಂದ ಭಯವಿಲ್ಲ. ದಿವಾನಿನ ಮೇಲಿಟ್ಟುಕೊಂಡು, ಯುಎಸ್‌ಬಿ ವೈರ್ ಕೆಳಗೆ ನೇತಾಡುತ್ತಿರಲು, ಬಾಯಲ್ಲೇ ಪೋಂ ಪೋಂ ಅಂತ ನಂಜನಗೂಡಿಗೆ ಬಸ್ ಬಿಡುತ್ತಾನೆ. ಮಾವ ಬಂದಾಗ ಟಿಕೆಟ್ ತೆಗೆಸುತ್ತಾನೆ.