ಟೆಸ್ಟರ್ ಎರಡೂ ಕಡೆ ಉರಿಯುತ್ತಿದೆಯಾ? ಹೋಲ್ಡರಿಗೆ ಕೈ ಹಾಕಬೇಡಿ

ಮೀಟರ್ ಬೋರ್ಡಿನಲ್ಲಿ ಇನ್ನೂ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳಿರುವ ಹಳೇ ಮನೆಯವರು ಇದನ್ನು ಓದಲೇಬೇಕು. ಅಂಥದೊಂದು ಮನೆಯಲ್ಲಿ ಆದದ್ದು ಇಷ್ಟು. ಅಡುಗೆಮನೆಯ ದೀಪ, ನಡುಮನೆಯ ದೀಪ, ಫ್ಯಾನು ಎಲ್ಲ ಒಟ್ಟಿಗೆ ನಿಂತವು. ಮನೆಯಾತ ಬಲ್ಬು ತೆಗೆದು ಹೋಲ್ಡರಿನ ಪಿನ್ನಿಗೆ ಟೆಸ್ಟರ್ ಇಟ್ಟ. ಒಂದರಲ್ಲೂ ಉರಿಯಿತು, ಇನ್ನೊಂದರಲ್ಲೂ ಉರಿಯಿತು. ‘ಕರೆಂಟ್ ಬರ್ತಿದೆ, ಬಲ್ಬೇ ಹೋಗಿದೆ’ ಅಂತ ಹೊಸದು ಹಾಕಿದರೆ ಅದೂ ಹತ್ತಲಿಲ್ಲ. ಹಾಗಾದರೆ ಒಳಗಿನ ವೈರು ಸಡಿಲವಾಗಿರಬೇಕೆಂದು ಗೋಡೆಯ ಸ್ವಿಚ್ ಆಫ್ ಮಾಡಿ, ಬರಿಗಾಲಲ್ಲಿ ಕಬ್ಬಿಣದ ಸ್ಟೂಲ್ ಹತ್ತಿ, ಹೋಲ್ಡರ್ ಬಿಚ್ಚಿ ಕಪ್ಪು ವೈರು ಹಿಡಿದ. ಶಾಕ್ ಹೊಡೆದು ಕೆಳಗೆ ಬಿದ್ದ. ಮುಂಗೈ ಮೂಳೆ ಮುರಿಯಿತು. ಅಷ್ಟಕ್ಕೇ ಮುಗಿದದ್ದು ಪುಣ್ಯ.

ಕಪ್ಪು ವೈರೆಂದರೆ ನ್ಯೂಟ್ರಲ್ (ಕರೆಂಟು ವಾಪಸು ಹೋಗುವ ವೈರು), ಸ್ವಿಚ್ಚೂ ಆಫ್. ಆದರೂ ಯಾಕೆ ಹೊಡೆಯಿತು?

ಆ ಬೋರ್ಡಿನಲ್ಲಿ ಕರೆಂಟು ತರುವ ಫೇಸಿಗೊಂದು, ನ್ಯೂಟ್ರಲ್ಲಿಗೊಂದು ಫ್ಯೂಸ್ ಇತ್ತು. ಹಿಂದೊಮ್ಮೆ ಫೇಸಿನ ಫ್ಯೂಸ್ ಹೋದಾಗ ಯಾರೋ ಫ್ಲೆಕ್ಸಿಬಲ್ ವೈರಿನಿಂದ ಮೂರು ಎಳೆ ಕಿತ್ತು ಹೊಸೆದು ಕಟ್ಟಿದ್ದರು. ನ್ಯೂಟ್ರಲ್ಲಿನಲ್ಲಿ ಸರಿಯಾದ 5 ಆಂಪ್ಸಿನ ತಂತಿಯೇ ಉಳಿದಿತ್ತು. 5 ಆಂಪ್ಸಿನ ತಂತಿಯ ದಪ್ಪ 0.2 ಮಿ.ಮೀ., ಅದು ಕರಗುವುದು 7 ಆಂಪ್ಸಿನ ಆಸುಪಾಸಿನಲ್ಲಿ. ಫ್ಲೆಕ್ಸಿಬಲ್ ವೈರಿನ ಒಂದೆಳೆ 0.3 ಮಿ.ಮೀ.; ಅದೊಂದೇ ಸುಮಾರು 13 ಆಂಪ್ಸಿನವರೆಗೆ ಕರಗದೆ ತಾಳುತ್ತದೆ, ಮೂರು ಸೇರಿದರೆ 35 ದಾಟುತ್ತದೆ. ದೀಪಕ್ಕೆ ಎಳೆದಿರುವ 1 ಚದರ ಮಿ.ಮೀ. ವೈರು ಅದಕ್ಕೆ ಎಷ್ಟೋ ಮೊದಲೇ ಕಾದು, ಅದರ ಹೊದಿಕೆ ಕರಗಲು ಶುರುವಾಗಿರುತ್ತದೆ. ಈ ಮನೆಯಲ್ಲಿ ಒಂದು ಹೋಲ್ಡರ್ ಶಾರ್ಟ್ ಆದಾಗ ಅದೇ ಕರೆಂಟು ಎರಡೂ ಫ್ಯೂಸುಗಳಲ್ಲಿ ಹರಿಯಿತು. ತೆಳ್ಳಗಿದ್ದದ್ದು, ಅಂದರೆ ನ್ಯೂಟ್ರಲ್ಲಿನದು, ಹೋಯಿತು. ಫೇಸ್ ಹಾಗೇ ಉಳಿಯಿತು. ಪಕ್ಕದ ಕೋಣೆಯ ಫ್ಯಾನಿನ ಸ್ವಿಚ್ ಆನ್ ಇದ್ದುದರಿಂದ, ಫೇಸು ಫ್ಯಾನಿನ ಸುರುಳಿ ಹಾದು ಇಡೀ ನ್ಯೂಟ್ರಲ್ ವೈರಿಗೆ ಬಂದು ನಿಂತಿತ್ತು. ದೀಪ ಆರಿದ ಮನೆಯಲ್ಲಿ ಎಲ್ಲ ವೈರೂ ಜೀವಂತ.

ನ್ಯೂಟ್ರಲ್ಲಿನಲ್ಲಿ ಒಂಟಿ ಫ್ಯೂಸ್ ಇಡಕೂಡದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳ 32ನೇ ನಿಯಮದಲ್ಲೇ ಇತ್ತು. ಆದರೂ ಹಳೇ ಬೋರ್ಡುಗಳಲ್ಲಿ ಅದು ಸಿಗುತ್ತಲೇ ಇದೆ. ನಿಮ್ಮಲ್ಲಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದ ತೆಗೆಸಿ. ಖರ್ಚಿಗೆ ಹಿಂಜರಿಯದಿದ್ದರೆ ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಮತ್ತು ಕರೆಂಟು ಬೇರೆ ದಾರಿಗೆ ಸೋರಿದರೆ ತಾನೇ ಬೀಳುವ 30 ಮಿಲಿಆಂಪ್ಸಿನ ಆರ್‌ಸಿಸಿಬಿ ಹಾಕಿಸಿ.

ಟೆಸ್ಟರನ್ನು ಬೈದು ಪ್ರಯೋಜನವಿಲ್ಲ, ಅದು ಸುಳ್ಳು ಹೇಳಲಿಲ್ಲ. ಮುಟ್ಟಿದ ಜಾಗದಲ್ಲಿ ವೋಲ್ಟೇಜ್ ಇದೆ ಎಂದಷ್ಟೇ ಅದು ಹೇಳಬಲ್ಲದು. ಕರೆಂಟು ವಾಪಸು ಹೋಗಲು ದಾರಿ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಉರಿಯದಿದ್ದರೂ ನಂಬುವಂತಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚಪ್ಪಲಿ ಹಾಕಿ ನಿಂತರೆ, ಬಿಸಿಲ ಬೆಳಕಿದ್ದರೆ, ನಿಯಾನ್ ದೀಪ ಹಳೆಯದಾಗಿದ್ದರೆ, ಫೇಸ್ ಇದ್ದರೂ ಕಾಣದೆ ಹೋಗಬಹುದು. ಮೊದಲು ಕರೆಂಟ್ ಇರುವುದು ಖಚಿತವಾದ ಪಾಯಿಂಟಿನಲ್ಲಿ ನೋಡಿ, ಆಮೇಲೆ ಅನುಮಾನದ ಜಾಗ, ಮತ್ತೆ ಅದೇ ಖಚಿತ ಪಾಯಿಂಟು. ಈ ಮೂರನೇ ಹೆಜ್ಜೆಯನ್ನು ಬಹಳ ಮಂದಿ ಬಿಡುತ್ತಾರೆ.

ನ್ಯೂಟ್ರಲ್ ಹೋಗಿದೆಯೋ ನೋಡಲು ಮಲ್ಟಿಮೀಟರ್ ಬೇಕು. ಎಸಿ ವೋಲ್ಟೇಜಿನ 600 ಅಥವಾ 750ರ ರೇಂಜಿಗೆ ತಿರುಗಿಸಿ, ತ್ರೀ ಪಿನ್ ಸಾಕೆಟ್ಟಿನಲ್ಲಿ ಫೇಸು–ನ್ಯೂಟ್ರಲ್ ನೋಡಿ: 230ರ ಆಸುಪಾಸು ಬರಬೇಕು. ನ್ಯೂಟ್ರಲ್–ಅರ್ತ್ ನಡುವೆ ಸಾಮಾನ್ಯವಾಗಿ ಕೆಲವೇ ವೋಲ್ಟು. ಫೇಸು–ನ್ಯೂಟ್ರಲ್ ಸೊನ್ನೆಯ ಹತ್ತಿರವಿದ್ದು, ನ್ಯೂಟ್ರಲ್–ಅರ್ತ್ 200 ದಾಟಿದರೆ ನ್ಯೂಟ್ರಲ್ ಕಡಿದಿದೆ. ಹಾಗೆಂದು ಹೋಲ್ಡರಿಗೆ ಎರಡು ವೈರು ಸಿಕ್ಕಿಸಿದ ಟೆಸ್ಟ್ ಬಲ್ಬನ್ನು ಫೇಸು–ಅರ್ತ್ ನಡುವೆ ಹಿಡಿಯಬೇಡಿ. 60 ವಾಟಿನ ಬಲ್ಬು ಸುಮಾರು 260 ಮಿಲಿಆಂಪ್ಸ್ ಎಳೆಯುತ್ತದೆ, ಆರ್‌ಸಿಸಿಬಿ ಇದ್ದರೆ ತಕ್ಷಣ ಬೀಳುತ್ತದೆ. ಅರ್ತೇ ಸರಿಯಿಲ್ಲದ ಮನೆಯಲ್ಲಿ ಫ್ರಿಜ್ಜಿನ ಮೈಗೆಲ್ಲ ಕರೆಂಟು ಹಬ್ಬಬಹುದು.

ಮೀಟರಿನಲ್ಲೂ ಒಂದು ಬಲೆ ಇದೆ. ಕೆಂಪು ಪ್ರೋಬು 10ಎ ತೂತಿನಲ್ಲಿ ಉಳಿದಿರುವಾಗ ಸಾಕೆಟ್ಟಿಗೆ ಚುಚ್ಚಿದರೆ ಅದು ನೇರ ಶಾರ್ಟ್. ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೂ ಇರುವುದಿಲ್ಲ. ಪ್ರೋಬಿನ ತುದಿ ಕೈಯಲ್ಲೇ ಸಿಡಿಯುತ್ತದೆ. ಚುಚ್ಚುವ ಮುನ್ನ ತೂತು ನೋಡಿ.

ಫ್ಯೂಸಿನ ಕಂಟಿನ್ಯುಟಿಯನ್ನು (ತಂತಿ ತುಂಡಾಗದೆ ಇದೆಯೇ ಎಂಬುದನ್ನು) ಮೇನ್ ಇಳಿಸಿ, ತಂತಿ ಕಟ್ಟಿರುವ ಪಿಂಗಾಣಿ ಕ್ಯಾರಿಯರ್ ಹೊರಗೆ ತೆಗೆದೇ ಮಲ್ಟಿಮೀಟರಿನಲ್ಲಿ ನೋಡಬೇಕು: ಬೀಪ್ ಬಂದರೆ ಸರಿ. ಹಳೇ ಬುರುಡೆ ಬಲ್ಬು, 60 ವಾಟಿನದು, ತಣ್ಣಗಿದ್ದಾಗ 60–70 ಓಮ್ ತೋರಿಸುತ್ತದೆ. ಎಲ್‌ಇಡಿ ಬಲ್ಬಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಬೇರೆ ಹೋಲ್ಡರಿಗೆ ಹಾಕಿ ನೋಡುವುದೇ ದಾರಿ.

ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಮಂಕಾಗಿ ಮಿಣುಕುತ್ತಿದ್ದರೆ ಸ್ವಿಚ್ಚು ನ್ಯೂಟ್ರಲ್ಲಿನಲ್ಲಿ ಕೂತಿರಬಹುದು. (ಇಂಡಿಕೇಟರ್ ಇರುವ ಸ್ವಿಚ್ಚಿನಿಂದಲೂ, ಉದ್ದದ ವೈರಿನಿಂದಲೂ ಹೀಗಾಗುತ್ತದೆ.) ಬಲ್ಬು ಹಾಕಿಯೇ, ಸ್ವಿಚ್ ಆನ್ ಇಟ್ಟು ಅದರ ಎರಡೂ ಸ್ಕ್ರೂಗಳಿಗೆ ಟೆಸ್ಟರ್ ಇಡಿ. ದೀಪ ಉರಿಯುತ್ತಿರುವಾಗ ಎರಡೂ ಸ್ಕ್ರೂ ಟೆಸ್ಟರ್ ಉರಿಸಿದರೆ ಸ್ವಿಚ್ಚು ಫೇಸಿನಲ್ಲಿದೆ, ಎರಡೂ ಉರಿಸದಿದ್ದರೆ ನ್ಯೂಟ್ರಲ್ಲಿನಲ್ಲಿದೆ. ಆಫ್ ಇಟ್ಟು ನೋಡಿದರೆ ಎರಡು ಸಂದರ್ಭದಲ್ಲೂ ಒಂದೇ ಸ್ಕ್ರೂ ಉರಿಸುವುದರಿಂದ ಏನೂ ತಿಳಿಯದು. ನ್ಯೂಟ್ರಲ್ಲಿನಲ್ಲಿರುವ ಸ್ವಿಚ್ಚನ್ನು ಫೇಸಿಗೆ ಬದಲಾಯಿಸುವವರೆಗೆ ಬಲ್ಬು ತೆಗೆಯುವುದಿದ್ದರೂ ಮೇನ್ ಇಳಿಸಿ.

ಇನ್ನೊಂದು, ಕೆಲವು ದೀಪ ಮಂಕಾಗುವ ಹೊತ್ತಿಗೇ ಇನ್ನು ಕೆಲವು ಕಣ್ಣು ಕೋರೈಸುವಂತೆ ಬೆಳಗಿದರೆ ತೊಂದರೆ ಮನೆಯೊಳಗಿನ ಫ್ಯೂಸಿನದಲ್ಲ. ತ್ರೀ ಫೇಸ್ ಸಂಪರ್ಕದ ಮೇನ್ ನ್ಯೂಟ್ರಲ್ಲೇ, ಕಂಬದಲ್ಲೋ ಮೀಟರಿನ ಹತ್ತಿರವೋ, ಬಿಟ್ಟುಹೋಗಿರಬಹುದು. ಆಗ ಒಂದೊಂದು ಫೇಸಿನಲ್ಲಿ 300 ವೋಲ್ಟು ದಾಟಿ ಟಿವಿ, ಫ್ರಿಜ್ಜು ಸುಡುತ್ತವೆ. ಪರೀಕ್ಷೆ ಮಾಡುತ್ತ ನಿಲ್ಲದೆ ಮೇನ್ ಇಳಿಸಿ 1912ಕ್ಕೆ ಕರೆ ಮಾಡಿ, ‘ನ್ಯೂಟ್ರಲ್ ಕಟ್ ಆಗಿದೆ’ ಅಂತಲೇ ಹೇಳಿ. ಬರೀ ‘ಕರೆಂಟಿಲ್ಲ’ ಅಂದರೆ ಸರದಿಯಲ್ಲಿ ಕೊನೆಗೆ ಬೀಳುತ್ತೀರಿ.